ಬದುವಿಗೊಂದು ಕಚೇರಿ, ಸಾಲಕ್ಕೊಂದು ಕಚೇರಿ: ಸಣ್ಣ ರೈತನಿಗೆ ಸರ್ಕಾರದ ನೆರವು ದಕ್ಕುವುದು ಹೇಗೆ?

ಎರಡು ಎಕರೆ ಖುಷ್ಕಿ ಜಮೀನಿರುವ ರೈತ ಹೊಲಕ್ಕೆ ಬದು ಹಾಕಿಸಬೇಕು, ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಬೇಕು, ಹೊಂಡದ ನೀರನ್ನು ಹನಿ ಪೈಪಿನಲ್ಲಿ ಹಾಯಿಸಬೇಕು ಎಂದುಕೊಂಡನೆನ್ನಿ. ಬದುವಿನ ಕೂಲಿ ಕೆಲಸಕ್ಕೆ ಆತ ಗ್ರಾಮ ಪಂಚಾಯಿತಿಗೆ ಹೋಗಬೇಕು. ಹೊಂಡಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ. ಹನಿ ನೀರಾವರಿಗೆ ಯಾವ ಇಲಾಖೆ ಎಂಬುದು ಬೆಳೆಯನ್ನು ಅವಲಂಬಿಸಿದೆ: ತರಕಾರಿ ಬೆಳೆದರೆ ತೋಟಗಾರಿಕೆ, ಹಿಪ್ಪುನೇರಳೆ ಇಟ್ಟರೆ ರೇಷ್ಮೆ, ತೊಗರಿ ಬಿತ್ತಿದರೆ ಕೃಷಿ. ಕೈಯಿಂದ ಹಾಕಬೇಕಾದ ಹಣಕ್ಕೆ ಸೊಸೈಟಿ ಅಥವಾ ಬ್ಯಾಂಕು. ಇಷ್ಟೆಲ್ಲದಕ್ಕೂ ಬೇಕಾದ ಕಾಗದಗಳಿಗೆ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿ. ಹೊಲ ಒಂದೇ, ಅದರ ಮೇಲೆ ಬೀಳುವ ಮಳೆಯೂ ಒಂದೇ. ಆದರೆ ಆ ಮಳೆಯನ್ನು ಹಿಡಿದಿಡುವ ಕೆಲಸವನ್ನು ಸರ್ಕಾರ ಐದಾರು ತುಂಡು ಮಾಡಿ ಬೇರೆ ಬೇರೆ ಕಪಾಟುಗಳಲ್ಲಿ ಇಟ್ಟಿದೆ.

ಯೋಜನೆಗಳಿಗೆ ಬರವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ರಾಜ್ಯದ ಕೃಷಿ ಭೂಮಿಯಲ್ಲಿ ಬಹುಪಾಲು ಮಳೆಯನ್ನೇ ನಂಬಿದೆ. ಆದ್ದರಿಂದ ಮಣ್ಣು ಮತ್ತು ನೀರಿನ ಸಂರಕ್ಷಣೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಅನುಭವವಿದೆ. ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಶುರುವಾದದ್ದು 1954ರಲ್ಲಿ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ 2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಕೆಲಸ ಮಾಡಿತು. ಅದರ ಮೂರನೇ ಹಂತದಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳವೆಷ್ಟು, ಇಳಿಜಾರೆಷ್ಟು, ಯಾವ ಬೆಳೆ ಹೊಂದುತ್ತದೆ, ಯಾವ ಬಗೆಯ ಬದು ಬೇಕು ಎಂದು ಅಲ್ಲಿ ಗುರುತಿಸಲಾಯಿತು. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ ಹೊಂಡ ತೆಗೆಸಲು ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ ಕೊಟ್ಟಿತು. ನಡುವೆ ನಿಂತುಹೋಗಿದ್ದ ಈ ಯೋಜನೆಗೆ 2023-24ರಲ್ಲಿ ಮತ್ತೆ ಜೀವ ಬಂತು. ಹನಿ ನೀರಾವರಿಗೆ ಕೇಂದ್ರದ ನೆರವಿನ ಮೇಲೆ ರಾಜ್ಯ ತನ್ನ ಪಾಲು ಸೇರಿಸಿ ಎರಡು ಹೆಕ್ಟೇರ್‌ವರೆಗಿನ ಜಮೀನಿಗೆ ಶೇ 90ರವರೆಗೂ ಕೊಡುತ್ತಿದೆ.

ಸಾಲದ ಕಡೆಯೂ ಹೀಗೆಯೇ. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ ಮೂರು ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7. ಗಡುವಿನೊಳಗೆ ಕಟ್ಟಿದರೆ ಶೇ 3 ರಿಯಾಯಿತಿ ಸಿಕ್ಕಿ ಶೇ 4 ಮಾತ್ರ ಬೀಳುತ್ತದೆ. 2025ರ ಜನವರಿ 1ರಿಂದ ಎರಡು ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ. ಅದಕ್ಕೂ ಮುಂಚೆ ಈ ಮಿತಿ 1.6 ಲಕ್ಷ ಇತ್ತು. ಸಹಕಾರ ಸಂಘಗಳ ಮೂಲಕ ಐದು ಲಕ್ಷದವರೆಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲ, ಹದಿನೈದು ಲಕ್ಷದವರೆಗೆ ಶೇ 3 ಬಡ್ಡಿಯ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲ ಕೊಡುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು.

ಇಷ್ಟಿದ್ದೂ ನೆರವು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಸಂರಕ್ಷಣೆಯನ್ನು ಒಂದು ಕಿಟಕಿಯಲ್ಲಿ, ಸಾಲವನ್ನು ಇನ್ನೊಂದು ಕಿಟಕಿಯಲ್ಲಿ ಇಟ್ಟು, ಎರಡಕ್ಕೂ ಪಹಣಿಯೊಂದನ್ನೇ ಬೀಗದ ಕೈಯಾಗಿ ಮಾಡಿರುವುದರಲ್ಲಿ ತೊಡಕಿದೆ ಎಂಬುದು ನನ್ನ ವಾದ.

ಮೊದಲು ಪಹಣಿಯನ್ನೇ ನೋಡೋಣ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡುವಾಗ ಮೊದಲು ಕೇಳುವುದು ಎಫ್‌ಐಡಿ ಸಂಖ್ಯೆಯನ್ನು. ಇದು ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಸಿಗುವ ಗುರುತಿನ ಸಂಖ್ಯೆ. ಭೂಮಿ ತಂತ್ರಾಂಶದ ಪಹಣಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಇಲ್ಲಿ ಬೆಸೆದುಕೊಳ್ಳುತ್ತವೆ. ಆದರೆ ಎಫ್‌ಐಡಿ ಇದೆ ಎಂದ ಮಾತ್ರಕ್ಕೆ ಎಲ್ಲ ಜಮೀನೂ ಅದರಲ್ಲಿದೆ ಎಂದೇನಿಲ್ಲ. ಪಿಎಂ ಕಿಸಾನ್ ಹಣಕ್ಕೆಂದು ಒಂದೇ ಸರ್ವೆ ನಂಬರ್ ಸೇರಿಸಿ ಕೈಬಿಟ್ಟ ರೈತರು ಎಲ್ಲ ಊರುಗಳಲ್ಲೂ ಇದ್ದಾರೆ. ಹೊಂಡ ತೆಗೆಸಬೇಕಾದ ಜಮೀನಿನ ಸರ್ವೆ ನಂಬರ್ ಅದರಲ್ಲಿ ಇಲ್ಲದಿದ್ದರೆ ಅರ್ಜಿ ಮುಂದೆ ಸಾಗುವುದಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದಾಗ ಬೆಳೆನಷ್ಟದ ಪರಿಹಾರ ಹಂಚಿಕೆಯಾದದ್ದೂ ಈ ದತ್ತಾಂಶದ ಮೇಲೆಯೇ. ಸೇರಿಸದ ಜಮೀನಿಗೆ ಪರಿಹಾರವೂ ಇಲ್ಲ.

ಇದು ಒಂದು ದಿನದಲ್ಲಿ ಸರಿಯಾಗುವ ತೊಂದರೆ. ಪೌತಿ ಖಾತೆಯ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ತೊಂದರೆ ಹಾಗಲ್ಲ. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ, ಪಹಣಿಯ ಒಂಬತ್ತನೇ ಕಲಂನಲ್ಲಿ ಇನ್ನೂ ಅವರದೇ ಹೆಸರು. ಮಕ್ಕಳು ಬಾಯಿಮಾತಿನಲ್ಲಿ ಹಿಸ್ಸೆ ಮಾಡಿಕೊಂಡು ಉಳುತ್ತಿರುತ್ತಾರೆ. ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ಮದುವೆಯಾಗಿ ಹೋದ ಅಕ್ಕತಂಗಿಯರ ಒಪ್ಪಿಗೆ ಬೇಕು. ಊರು ಬಿಟ್ಟ ತಮ್ಮನೊಬ್ಬ ಸಹಿ ಹಾಕಲು ಬರದಿದ್ದರೆ ಎಲ್ಲವೂ ನಿಂತಂತೆ. ಇನ್ನು ಜಂಟಿ ಖಾತೆ. ಒಂದೇ ಪಹಣಿಯಲ್ಲಿ ಏಳೆಂಟು ಹೆಸರಿದ್ದರೆ ಪೋಡಿಯಾಗುವವರೆಗೆ, ಅಂದರೆ ಅಳತೆಯಾಗಿ ಪಾಲು ಬೇರೆಯಾಗುವವರೆಗೆ, ಯಾರ ಹೊಂಡ ಯಾರ ನೆಲದಲ್ಲಿ ಎಂದು ಇಲಾಖೆ ಹೇಳಲಾರದು, ಬ್ಯಾಂಕು ಎಲ್ಲರ ಸಹಿ ಕೇಳುತ್ತದೆ. ಕಂದಾಯ ಇಲಾಖೆ ಈಚೆಗೆ ಪೌತಿ ಖಾತೆ ಆಂದೋಲನವನ್ನು ನಡೆಸುತ್ತಿರುವುದು ಒಳ್ಳೆಯ ಕೆಲಸ. ಸಂರಕ್ಷಣೆಗೆಂದು ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಈ ಕಾಗದ ಸರಿಪಡಿಸಲು ಹಾಕಿದರೂ ತಪ್ಪಿಲ್ಲ ಎಂದು ನಾನು ಹೇಳುತ್ತೇನೆ. ಯಾಕೆಂದರೆ ಖಾತೆ ಸರಿಯಿಲ್ಲದವನ ಹೊಲದ ಮಣ್ಣು ಖಾತೆ ಸರಿಯಿರುವವನ ಹೊಲದ ಮಣ್ಣಿಗಿಂತ ನಿಧಾನವಾಗಿ ಕೊಚ್ಚಿಹೋಗುವುದಿಲ್ಲ.

ಗೇಣಿಗೆ ಮಾಡುವವರ ಪಾಡು ಇನ್ನೂ ಕಷ್ಟ. 1974ರ ತಿದ್ದುಪಡಿಯ ನಂತರ ಕರ್ನಾಟಕದ ಭೂಸುಧಾರಣಾ ಕಾಯ್ದೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ಸಾಮಾನ್ಯವಾಗಿ ನಿಷೇಧಿಸಿದೆ. ಉಳುವವನಿಗೇ ಭೂಮಿ ಸಿಗಲೆಂದು ತಂದ ಕಾಯ್ದೆ ಅದು, ಲಕ್ಷಾಂತರ ಕುಟುಂಬಗಳಿಗೆ ನೆಲ ಕೊಟ್ಟಿತು. ಆದರೆ ಇಂದು ವರ್ಷದ ಲೆಕ್ಕದಲ್ಲಿ ಬಾಯಿಮಾತಿನ ಗೇಣಿ ಎಲ್ಲೆಡೆ ನಡೆದಿದೆ. ಹೀಗೆ ಉಳುವವನಿಗೆ ಬೆಳೆಸಾಲ ಸಿಗುವುದು ಜಂಟಿ ಹೊಣೆಗಾರಿಕೆ ಗುಂಪಿನ ಮೂಲಕ, ಅದೂ ಸಣ್ಣ ಮೊತ್ತ. ಸಂರಕ್ಷಣೆಯ ಸಹಾಯಧನವಂತೂ ಸಿಗುವುದೇ ಇಲ್ಲ. ಬರುವ ವರ್ಷ ಈ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಗೊತ್ತಿಲ್ಲದವನು ಬದು ಯಾಕೆ ಕಟ್ಟಿಯಾನು? ಮಹಿಳೆಯರದೂ ಇದಕ್ಕೆ ಹತ್ತಿರದ ಕಥೆ. ಕಳೆ ತೆಗೆಯುವುದರಿಂದ ಹಿಡಿದು ಒಕ್ಕಣೆಯವರೆಗೆ ಅವರ ದುಡಿಮೆ ಇದ್ದರೂ, 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿದ್ದವು ಶೇ 14ರಷ್ಟು ಮಾತ್ರ.

ಈಗ ಹಣದ ವಿಷಯ. ಶೇ 80 ಸಹಾಯಧನ ಎಂದ ಕೂಡಲೇ ರೈತ ಶೇ 20 ಹಾಕಿದರೆ ಸಾಕು ಎಂಬ ಚಿತ್ರ ಮೂಡುತ್ತದೆ. ಅಸಲಿಗೆ ಬಹುತೇಕ ಕಾಮಗಾರಿಗಳಲ್ಲಿ ಸಹಾಯಧನ ಬರುವುದು ಕೆಲಸ ಮುಗಿದು, ಅಧಿಕಾರಿ ಅಳತೆ ಹಿಡಿದು, ಫೋಟೊ ಏರಿಸಿದ ಮೇಲೆ. ಅಲ್ಲಿಯವರೆಗೆ ಜೆಸಿಬಿ ಬಾಡಿಗೆ, ಪಾಲಿಥೀನ್ ಹೊದಿಕೆ, ತಂತಿ ಬೇಲಿ ಎಲ್ಲಕ್ಕೂ ರೈತನೇ ಹಣ ಹೊಂದಿಸಬೇಕು. ಲೆಕ್ಕಕ್ಕೆಂದು ಒಟ್ಟು ಖರ್ಚು ಒಂದು ಲಕ್ಷ ಎಂದಿಟ್ಟುಕೊಳ್ಳಿ. ರೈತನ ವಂತಿಕೆ ಕಾಗದದ ಮೇಲೆ ಇಪ್ಪತ್ತು ಸಾವಿರ. ಪೂರ್ತಿ ಲಕ್ಷವನ್ನು ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದು, ಸಹಾಯಧನ ಬರಲು ಆರು ತಿಂಗಳಾದರೆ ಬಡ್ಡಿಯೇ ಹದಿನೆಂಟು ಸಾವಿರ. ವಂತಿಕೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಕೈಯಲ್ಲಿ ಒಂದು ಲಕ್ಷ ಇರುವ ರೈತನಿಗೆ ಈ ಬಡ್ಡಿ ಇಲ್ಲ. ಬಡವನಿಗೆಂದು ಮಾಡಿದ ಯೋಜನೆ ಉಳ್ಳವನಿಗೆ ಅಗ್ಗವಾಗಿ, ಬಡವನಿಗೆ ತುಟ್ಟಿಯಾಗಿ ಬೀಳುವುದು ಹೀಗೆ. ಕೆಲವು ಘಟಕಗಳಲ್ಲಿ ರೈತ ಒಪ್ಪಿದರೆ ಸಹಾಯಧನ ನೇರವಾಗಿ ಪೂರೈಕೆದಾರರಿಗೆ ಹೋಗುತ್ತದೆ. ಆಗ ಹಣದ ಹೊರೆ ಇಳಿಯುತ್ತದೆ ನಿಜ, ಆದರೆ ಪೈಪಿನ ಗುಣಮಟ್ಟದ ಬಗ್ಗೆ ದನಿಯೆತ್ತುವ ಬಲವೂ ರೈತನ ಕೈತಪ್ಪುತ್ತದೆ.

ಈ ಆರು ತಿಂಗಳ ಕಂದಕ ತುಂಬಲು ಸಾಲ ಬೇಕು. ರೈತನಿಗೆ ಸುಲಭವಾಗಿ ಸಿಗುವುದು ಬೆಳೆಸಾಲ. ಅದರ ಲೆಕ್ಕಾಚಾರ ಬೇರೆಯೇ. ಪ್ರತಿ ಜಿಲ್ಲೆಯ ತಾಂತ್ರಿಕ ಸಮಿತಿ ಎಕರೆಗೆ ಯಾವ ಬೆಳೆಗೆ ಎಷ್ಟು ಎಂದು ಸಾಲದ ಪ್ರಮಾಣ ನಿಗದಿ ಮಾಡುತ್ತದೆ. ಅದನ್ನು ಜಮೀನಿನ ಅಳತೆಗೆ ಗುಣಿಸಿ, ಮನೆಖರ್ಚು ಮತ್ತು ಕೊಯ್ಲಿನ ನಂತರದ ಖರ್ಚಿಗೆ ಶೇ 10, ಉಪಕರಣಗಳ ನಿರ್ವಹಣೆಗೆ ಶೇ 20 ಸೇರಿಸಿ ಮಿತಿ ಕಟ್ಟುತ್ತಾರೆ. ಪಹಣಿಯ ಹನ್ನೆರಡನೇ ಕಲಂನಲ್ಲಿ ಯಾವ ಬೆಳೆ ದಾಖಲಾಗಿದೆ ಎಂಬುದೂ ಇಲ್ಲಿ ಮುಖ್ಯ. ಮೆಣಸಿನಕಾಯಿ ಹಾಕಿದವನ ಪಹಣಿಯಲ್ಲಿ ಜೋಳ ಎಂದಿದ್ದರೆ ಸಾಲದ ಮಿತಿ ಜೋಳದ್ದೇ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತ ತಾನೇ ಬೆಳೆ ದಾಖಲಿಸಬಹುದು ಎಂಬುದನ್ನು ಇನ್ನೂ ಹಲವರು ಗಂಭೀರವಾಗಿ ತೆಗೆದುಕೊಂಡಿಲ್ಲ.

ಬೆಳೆಸಾಲವನ್ನು ವರ್ಷದೊಳಗೆ ತೀರಿಸಬೇಕು. ಮೂರು ಲಕ್ಷದ ಸಾಲದಲ್ಲಿ ಶೇ 7 ಮತ್ತು ಶೇ 4ರ ನಡುವಿನ ವ್ಯತ್ಯಾಸ ವರ್ಷಕ್ಕೆ ಒಂಬತ್ತು ಸಾವಿರ ರೂಪಾಯಿ, ಗಡುವು ದಾಟಿದರೆ ಅದು ಹೋಯಿತು. ಶೂನ್ಯ ಬಡ್ಡಿಯ ಸಾಲವೂ ಗಡುವು ಮೀರಿದರೆ ಬಡ್ಡಿಯ ಸಾಲವೇ. ಆದರೆ ಬದುವಿನ, ಹೊಂಡದ ಫಲ ಒಂದು ವರ್ಷದಲ್ಲಿ ಕೈಗೆ ಬರುವಂಥದ್ದಲ್ಲ. ಒಂದು ಸೆಂಟಿಮೀಟರ್ ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಸುಮಾರು ನಲವತ್ತು ಸಾವಿರ ಲೀಟರ್ ನೀರು. ಇಳಿಜಾರಿನ ಕೆಂಪು ಮಣ್ಣಿನಲ್ಲಿ ಅದರಲ್ಲೊಂದು ಪಾಲು ಮೇಲ್ಮಣ್ಣನ್ನು ಎತ್ತಿಕೊಂಡು ಹಳ್ಳ ಸೇರುತ್ತದೆ. ಬದು ಅದನ್ನು ತಡೆದಾಗ ಮೊದಲ ವರ್ಷ ಕಾಣುವುದು ಸ್ವಲ್ಪ ಹೆಚ್ಚಿನ ಹಸಿ, ಆಮೇಲೆ ನಿಧಾನವಾಗಿ ಮಣ್ಣಿನ ಸತ್ವ. ಮಳೆ ಕೈಕೊಟ್ಟ ವರ್ಷ ಹೊಂಡದ ನೀರು ಕಾಳು ಕಟ್ಟುವ ಹೊತ್ತಿಗೆ ಒಂದೆರಡು ಸಲ ಹಾಯ್ದರೆ ಬೆಳೆ ಉಳಿಯುತ್ತದೆ. ಆ ವರ್ಷ ಯಾವುದು ಎಂದು ಮೊದಲೇ ಹೇಳಲಾಗದು. ನಾಲ್ಕೈದು ವರ್ಷಗಳಲ್ಲಿ ಮರಳುವ ಹೂಡಿಕೆಗೆ ಹನ್ನೆರಡು ತಿಂಗಳ ಸಾಲ ಹೊಂದುವುದಿಲ್ಲ.

ಹೊಂದುವುದು ಶೇ 3ರ ದೀರ್ಘಾವಧಿ ಸಾಲ. ಕೇಂದ್ರದ ಬೆಳೆಸಾಲದ ಬಡ್ಡಿ ರಿಯಾಯಿತಿ ಅಲ್ಪಾವಧಿ ಸಾಲಕ್ಕೆ ಮಾತ್ರ ಸೀಮಿತವಾಗಿರುವುದರಿಂದ, ಭೂಮಿಯ ಮೇಲಿನ ಹೂಡಿಕೆಗೆ ರಾಜ್ಯದ ಈ ಯೋಜನೆ ನಿಜಕ್ಕೂ ಬೆಲೆಯುಳ್ಳದ್ದು. ಸೊಸೈಟಿ, ಜಿಲ್ಲಾ ಸಹಕಾರಿ ಬ್ಯಾಂಕಾದ ಡಿಸಿಸಿ ಬ್ಯಾಂಕು, ದೀರ್ಘಾವಧಿ ಸಾಲ ಕೊಡುವ ಪಿಎಲ್‌ಡಿ ಬ್ಯಾಂಕುಗಳಲ್ಲಿ ಇದನ್ನು ಹೆಸರು ಹಿಡಿದು ಕೇಳಬೇಕು. ಆದರೆ ವಸೂಲಾತಿ ಕುಸಿದ ಪಿಎಲ್‌ಡಿ ಬ್ಯಾಂಕಿಗೆ ಹೊಸ ಸಾಲ ಕೊಡಲು ಹಣವೇ ಇರುವುದಿಲ್ಲ. ಸೊಸೈಟಿಗಳಲ್ಲೂ ಹಳೆಯ ಸದಸ್ಯರ ಸಾಲ ಕಟ್ಟಿಸಿಕೊಂಡು ಅವರಿಗೇ ಮತ್ತೆ ಕೊಡುವುದರಲ್ಲಿ ಹಣ ಮುಗಿಯುತ್ತದೆ. ಹೊಸ ಸದಸ್ಯನ ಸರದಿ ಬರುವುದೇ ಇಲ್ಲ. 2024-25ರಲ್ಲಿ ಸಹಕಾರಿ ಬ್ಯಾಂಕುಗಳಿಗೆ ಹಣ ಒದಗಿಸುವ ನಬಾರ್ಡ್ ರಾಜ್ಯಕ್ಕೆ ಕೊಡುವ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು ಹಿಂದಿನ ವರ್ಷದ 5,600 ಕೋಟಿಯಿಂದ 2,340 ಕೋಟಿ ರೂಪಾಯಿಗೆ, ಅಂದರೆ ಶೇ 58ರಷ್ಟು ಇಳಿಸಿದ್ದರ ವಿರುದ್ಧ ಮುಖ್ಯಮಂತ್ರಿ ದೆಹಲಿಗೆ ಹೋಗಿ ಮನವಿ ಮಾಡಬೇಕಾಯಿತು. ಐದು ಲಕ್ಷದ ಮಿತಿ ಬಜೆಟ್ ಭಾಷಣದಲ್ಲಿ ಇದ್ದರೆ ಸಾಲದು, ಸೊಸೈಟಿಯ ತಿಜೋರಿಯಲ್ಲೂ ಇರಬೇಕು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ. ಆ ಪರಂಪರೆಯ ನಾಡಿನಲ್ಲಿ ಸೊಸೈಟಿಗಳು ತಮ್ಮದೇ ಠೇವಣಿ ಬೆಳೆಸಿಕೊಳ್ಳದೆ ಮೇಲಿನ ಹಣಕ್ಕೆ ಕಾದು ಕೂರುವುದು ನನಗೆ ಬೇಸರ ತರಿಸುವ ಸಂಗತಿ.

ಸಾಂಸ್ಥಿಕ ಸಾಲ ಸಿಗದವರು ಎಲ್ಲಿಗೆ ಹೋದರು ಎಂಬುದಕ್ಕೆ ಸಾಕ್ಷಿ ಬೇಕಿಲ್ಲ. ಕಿರುಸಾಲದ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು.

ಮೂರನೆಯ ತೊಡಕು ಕಾಲದ್ದು. ಬದು, ಹೊಂಡದ ಕೆಲಸವಾಗಬೇಕಾದದ್ದು ಬೇಸಿಗೆಯಲ್ಲಿ, ಮುಂಗಾರು ಬೀಳುವ ಮುಂಚೆ. ಸರ್ಕಾರದ ಆರ್ಥಿಕ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮಾರ್ಗಸೂಚಿ ಹೊರಟು, ತಾಲ್ಲೂಕಿಗೆ ಗುರಿ ಹಂಚಿಕೆಯಾಗಿ, ಕಾರ್ಯಾದೇಶ ಕೈಸೇರುವಾಗ ಹೊಲದಲ್ಲಿ ಬೆಳೆ ನಿಂತಿರುತ್ತದೆ. ಬೆಳೆ ತೆಗೆದ ಮೇಲೆ ಫೆಬ್ರುವರಿ, ಮಾರ್ಚ್‌ನಲ್ಲಿ ಅವಸರದ ಕೆಲಸ. ಮಾರ್ಚ್ ಕೊನೆಗೆ ಗುರಿ ಮುಟ್ಟಿಸಬೇಕೆಂಬ ಒತ್ತಡದಲ್ಲಿ ಹೊಂಡ ಎಲ್ಲಿ ತೆಗೆಯಬೇಕು ಎನ್ನುವುದಕ್ಕಿಂತ ಎಲ್ಲಿ ಬೇಗ ತೆಗೆಯಬಹುದು ಎನ್ನುವುದೇ ಮುಖ್ಯವಾಗುತ್ತದೆ. ನೀರು ಹರಿದು ಬರುವ ದಾರಿಯಲ್ಲಿರದ ಹೊಂಡ ತುಂಬುವುದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ಯಾವ ಕಾರ್ಯಾದೇಶವನ್ನೂ ಕಾಯದೆ ತಲೆಮಾರುಗಳಿಂದ ಹೊಲದ ಅಂಚಿಗೆ ಲಾವಂಚ ನೆಟ್ಟು ಮಣ್ಣು ಹಿಡಿದುಕೊಂಡವರು. ಅಂಥ ಅಗ್ಗದ ವಿದ್ಯೆಗೆ ನಮ್ಮ ಅಂದಾಜು ಪಟ್ಟಿಗಳಲ್ಲಿ ಸಿಕ್ಕ ಜಾಗ ಕಡಿಮೆ.

ಬದು ಮತ್ತು ಹೊಂಡಗಳ ಕೂಲಿಗೆ ದೊಡ್ಡ ಆಸರೆಯಾಗಿದ್ದದ್ದು ನರೇಗಾ. ಪರಿಶಿಷ್ಟರ, ಸಣ್ಣ ಮತ್ತು ಅತಿ ಸಣ್ಣ ರೈತರ ಸ್ವಂತ ಜಮೀನಿನಲ್ಲೇ ವೈಯಕ್ತಿಕ ಕಾಮಗಾರಿಗೆ ಅದು ಅವಕಾಶ ಕೊಟ್ಟಿತ್ತು. ತನ್ನ ಹೊಲದಲ್ಲಿ ತಾನೇ ದುಡಿದು ಕೂಲಿ ಪಡೆಯುವುದರಿಂದ ಕೈಯಿಂದ ಹಣ ಹಾಕುವ ಹೊರೆ ಇಲ್ಲಿ ಕಡಿಮೆ ಇತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಈ ಬದಲಾವಣೆಯಲ್ಲಿ ವೈಯಕ್ತಿಕ ಜಮೀನಿನ ಸಂರಕ್ಷಣಾ ಕೆಲಸಗಳು ಕೈಬಿಟ್ಟುಹೋಗದಂತೆ ಗ್ರಾಮಸಭೆಗಳು ಎಚ್ಚರ ವಹಿಸಬೇಕು.

ಬೇರೆ ಕಡೆ ಹೇಗಿದೆ ಎಂದು ಒಮ್ಮೆ ನೋಡುವುದರಲ್ಲಿ ಲಾಭವಿದೆ. ಅಮೆರಿಕದಲ್ಲಿ 1930ರ ದಶಕದ ಧೂಳಿನ ಬಿರುಗಾಳಿಗಳು ಹೊಲಗಳ ಮೇಲ್ಮಣ್ಣನ್ನು ಹೊತ್ತೊಯ್ದ ಮೇಲೆ 1935ರಲ್ಲಿ ಮಣ್ಣು ಸಂರಕ್ಷಣೆಗೆಂದೇ ಒಂದು ಸಂಸ್ಥೆ ಸ್ಥಾಪನೆಯಾಯಿತು. ಇಂದು ಅಲ್ಲಿನ ಕೃಷಿ ಇಲಾಖೆಯ ಸೇವಾ ಕೇಂದ್ರಗಳಲ್ಲಿ ಸಂರಕ್ಷಣೆಯ ತಜ್ಞರು ಮತ್ತು ಕೃಷಿ ಸಾಲದ ಅಧಿಕಾರಿಗಳು ಸಾಮಾನ್ಯವಾಗಿ ಒಂದೇ ಸೂರಿನಡಿ ಕೂರುತ್ತಾರೆ. ತಜ್ಞ ಹೊಲಕ್ಕೆ ಬಂದು ಯೋಜನೆ ಬರೆಯುತ್ತಾನೆ, ನೆರವಿನ ಮಾತು ಅದರ ಮೇಲೆ ನಡೆಯುತ್ತದೆ. 1985ರ ಕೃಷಿ ಕಾಯ್ದೆಯಿಂದ ಇನ್ನೊಂದು ಕೊಂಡಿಯೂ ಬೆಸೆದುಕೊಂಡಿತು: ಬೇಗ ಸವೆಯುವ ಜಮೀನಿನಲ್ಲಿ ಬೆಳೆ ತೆಗೆಯುವವರು ಸಂರಕ್ಷಣಾ ಯೋಜನೆ ಪಾಲಿಸದಿದ್ದರೆ ಸರ್ಕಾರದ ಸಾಲ ಮತ್ತು ಸಹಾಯಧನಕ್ಕೆ ಅರ್ಹತೆ ಕಳೆದುಕೊಳ್ಳುತ್ತಾರೆ. ಅಲ್ಲಿನ ಮುಖ್ಯ ಸಂರಕ್ಷಣಾ ಯೋಜನೆಯೊಂದರಲ್ಲಿ ಹೊಸದಾಗಿ ಕೃಷಿಗೆ ಇಳಿದವರು ಮತ್ತು ಕಡಿಮೆ ಆದಾಯದವರು ನೆರವಿನ ಅರ್ಧದಷ್ಟನ್ನು ಮುಂಗಡವಾಗಿ ಪಡೆಯಬಹುದು. ಅಲ್ಲಿನ ಜಮೀನುಗಳು ನೂರಾರು ಎಕರೆಯವು, ನಮ್ಮ ದೇಶದಲ್ಲಿ ಶೇ 86ರಷ್ಟು ಹಿಡುವಳಿಗಳು ಎರಡು ಹೆಕ್ಟೇರ್ ಒಳಗಿನವು. ಹಾಗಾಗಿ ದಂಡನೆಯ ಭಾಗವನ್ನು ಇಲ್ಲಿಗೆ ತರುವುದು ಅನ್ಯಾಯ. ಆದರೆ ಒಂದೇ ಸೂರು, ಹೊಲಕ್ಕೊಂದು ಯೋಜನೆ, ಬಡವನಿಗೆ ಮುಂಗಡ ಎಂಬ ಮೂರನ್ನೂ ತರಲು ಅಡ್ಡಿಯೇನು?

ಸಾಮಗ್ರಿ ನಮ್ಮಲ್ಲೇ ಇದೆ. ಭೂಸಂಪನ್ಮೂಲ ಸಮೀಕ್ಷೆ ನಡೆದ ಕಿರು ಜಲಾನಯನಗಳಲ್ಲಿ ಯಾವ ಹೊಲಕ್ಕೆ ಏನು ಬೇಕೆಂಬುದು ಈಗಾಗಲೇ ದಾಖಲಾಗಿದೆ. ಎಫ್‌ಐಡಿಯನ್ನು ಇಲಾಖೆಗಳೂ ಬ್ಯಾಂಕುಗಳೂ ಬಳಸುತ್ತಿವೆ. ಇಲಾಖೆ ಕಾರ್ಯಾದೇಶ ಕೊಟ್ಟ ದಿನವೇ ಅದರ ಪ್ರತಿ ಸೊಸೈಟಿಗೆ ಹೋಗಿ, ಬರಲಿರುವ ಸಹಾಯಧನದ ಆಧಾರದ ಮೇಲೆ ಶೇ 3ರ ಸಾಲ ಮಂಜೂರಾಗಿ, ಸಹಾಯಧನ ಬಂದಾಗ ನೇರವಾಗಿ ಆ ಸಾಲಕ್ಕೇ ಜಮಾ ಆದರೆ ಮೇಲೆ ಹೇಳಿದ ಹದಿನೆಂಟು ಸಾವಿರದ ಬಡ್ಡಿ ಆರು ತಿಂಗಳಿಗೆ ಸಾವಿರದ ಐನೂರಕ್ಕೆ ಇಳಿಯುತ್ತದೆ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಎರಡು ಇಲಾಖೆಗಳ ನಡುವೆ ಒಂದು ಸುತ್ತೋಲೆ ಸಾಕು.

ಅದು ಆಗುವವರೆಗೆ ರೈತ ತನ್ನ ದಾರಿಯನ್ನು ತಾನೇ ಕೂಡಿಸಿಕೊಳ್ಳಬೇಕು. ನನ್ನ ಸಲಹೆ, ಯೋಜನೆಯ ಪ್ರಕಟಣೆ ಬರುವವರೆಗೆ ಕಾಯಬಾರದು. ಸುಗ್ಗಿ ಮುಗಿದ ಕೂಡಲೇ ಹೊಸ ಪಹಣಿ ತೆಗೆಸಿ ಹೆಸರು, ವಿಸ್ತೀರ್ಣ, ಬೆಳೆ ನೋಡಿಕೊಳ್ಳಬೇಕು. ಹನ್ನೊಂದನೇ ಕಲಂನಲ್ಲಿ ತೀರಿಸಿದ ಸಾಲದ ಬೋಜಾ ಇನ್ನೂ ಕೂತಿದ್ದರೆ ಬ್ಯಾಂಕಿನಿಂದ ಸಾಲ ಬಾಕಿಯಿಲ್ಲ ಎಂಬ ಬೇಬಾಕಿ ಪತ್ರ ತಂದು ತೆಗೆಸಬೇಕು. ಇದೊಂದರಿಂದಲೇ ಎಷ್ಟೋ ಸಾಲದ ಅರ್ಜಿಗಳು ವಾಪಸು ಬರುತ್ತವೆ. ಎಲ್ಲ ಸರ್ವೆ ನಂಬರ್‌ಗಳನ್ನು ಎಫ್‌ಐಡಿಗೆ ಸೇರಿಸಿದ ಮೇಲೆ ಏಪ್ರಿಲ್‌ನಲ್ಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ತನ್ನ ಜಮೀನು ಯಾವ ಜಲಾನಯನದಲ್ಲಿದೆ, ಈ ವರ್ಷ ಅಲ್ಲಿ ಯಾವ ಕಾಮಗಾರಿಗೆ ಹಣವಿದೆ ಎಂದು ಕೇಳಬೇಕು. ಕಾರ್ಯಾದೇಶ ಕೈಗೆ ಬರುವ ಮುಂಚೆ ಜೆಸಿಬಿ ಕರೆಸಬಾರದು, ಹಾಗೆ ಮಾಡಿದ ಕೆಲಸಕ್ಕೆ ಸಹಾಯಧನ ಸಿಗುವುದು ಕಷ್ಟ. ಬರ ಬಂದು ಬೆಳೆನಷ್ಟ ಶೇ 33 ದಾಟಿದೆ ಎಂದು ಸರ್ಕಾರ ಘೋಷಿಸಿದ ಕಡೆ, ಬೆಳೆಸಾಲವನ್ನು ದೀರ್ಘಾವಧಿ ಕಂತುಗಳಿಗೆ ಪರಿವರ್ತಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಸುಸ್ತಿದಾರನಾದ ಮೇಲೆ ಹೋಗುವುದಕ್ಕಿಂತ ಗಡುವಿನೊಳಗೆ ಹೋಗಿ ಕೇಳುವುದು ಮೇಲು.

ಅರ್ಜಿ ತಿರಸ್ಕಾರವಾದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪಬಾರದು. ಪೂರ್ತಿ ಅರ್ಜಿ ಕೊಟ್ಟ ಎರಡು ವಾರದೊಳಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೊಡಬೇಕೆಂದು 2019ರಲ್ಲೇ ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿದೆ. ಅರ್ಜಿಗೆ ಸ್ವೀಕೃತಿ ಪಡೆಯಬೇಕು, ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಬೇಕು. ಜಿಲ್ಲೆಯ ಬ್ಯಾಂಕುಗಳ ನಡುವೆ ಹೊಂದಾಣಿಕೆ ನೋಡಿಕೊಳ್ಳುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಅದರ ಪ್ರತಿ ಕಳುಹಿಸಬೇಕು. ವಾಣಿಜ್ಯ ಮತ್ತು ಗ್ರಾಮೀಣ ಬ್ಯಾಂಕುಗಳು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ದಾಖಲಿಸಬಹುದು. ನಾಡಕಚೇರಿಯ ಸೇವೆಗಳು ತಡವಾದರೆ 2011ರ ಸಕಾಲ ಕಾಯ್ದೆಯಡಿ ಮೇಲ್ಮನವಿಗೆ ಅವಕಾಶವಿದೆ. ಅರ್ಜಿ ಕೊಟ್ಟಾಗ ಸಿಗುವ ಸಕಾಲ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ಆ ಮೇಲ್ಮನವಿ ಸಲ್ಲಿಸುವುದು ಸುಲಭವಾಗುತ್ತದೆ.